ಪ್ರಮಿಳಾಳ ಕನ್ನಡಿ, ಸೋಮಲಿಂಗನ ನಕ್ಷತ್ರ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕೊನೆಗೊಂದು ಉತ್ತರ ಬರದ ವಿಷಯಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹೀಗಾಗಿ, ನಮ್ಮ ಹಿತ್ತಿಲ ಮನೆಯಲ್ಲಿ ಬಾಡಿಗೆಗಿದ್ದ ಕರೆಪ್ಪನ ಮಗಳು ಪ್ರಮಿಳಾ ಬಿ.ಎ.ದಲ್ಲಿ ಮನಃಶಾಸ್ತ್ರಕ್ಕೆ ಹೆಸರು ಹಚ್ಚಿ, ಕುಂದಾದ ಪೊಟ್ಟಣ ಹಿಡಿದು ಖುಷಿಯಿಂದ ಬಂದಾಗ, ಕುಂದಾ ಬಾಯಲ್ಲಿಟ್ಟುಕೊಂಡೇ ಬೈದೆ.

“ಪಿಯುಸಿಯಾಗ ಇಷ್ಟ ಚಲೋ ಮಾರ್ಕ್ಸ್ ತಗೊಂಡಾಕಿ, ಇದೇನವಾ ಹಚ್ಚೀದಿ? ಬಿ.ಕಾಂ. ಮಾಡಿದ್ರ ಬ್ಯಾಂಕಿನ ಪರೀಕ್ಷಾಕ್ಕರ ಕುಂಡ್ರಬಹುದಿತ್ತು. ಮಂದಿ ಮನಸಿನಾಗ ಏನೈತಿ ಅಂತ ತಿಳಕೊಂಡು ಏನ್ ಮಾಡಾಕಿ ನೀ?”

“ಮಂದೀದು ಆಮ್ಯಾಲ ನೋಡೂಣ್ರಿ ಕಾಕಾ,” ಎಂದಳು. “ನಮ್ಮ ಮಾಮಾಂದು ತಿಳದ್ರ ಸಾಕಾಗೇತಿ ನನಗ.”

ನನ್ನ ಹೆಂಡತಿ ಬಾಳವ್ವ ನನ್ನ ತೊಡೆ ಚಿವುಟಿದಳು.

ಈ ಮಾಮಾನ ವಿಷಯ ಹೇಳಬೇಕು. ಕರೆಪ್ಪನದು ಖಾನಾಪುರದ ಕಡೆಯ ಕುರುಬರ ಮನೆತನ. ಅವನ ಅಪ್ಪನ ಕಾಲಕ್ಕೇ ಹಿಂಡು ಕರಗಿತ್ತು. ಇವನು ಬೆಳಗಾವಿಗೆ ಬಂದು, ಆಟೋ ನಗರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪ್ ಸೇರಿ, ಖಾಸಬಾಗದ ನಮ್ಮ ಹಿತ್ತಿಲಿನಲ್ಲಿ ಸಂಸಾರ ಹೂಡಿದ. ಹೆಂಡತಿ ಸತ್ಯವ್ವ. ಅವಳ ತಮ್ಮ ಸೋಮಲಿಂಗನೂ ಜೊತೆಗಿದ್ದ. ಅವನೇ ಪ್ರಮಿಳಾಳ ಸೋದರಮಾವ. ಹರೆಯದಲ್ಲಿ ಅವನು ಅಕ್ಕನ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಊರೆಲ್ಲ ತಿರುಗಿಸುತ್ತಿದ್ದನಂತೆ. “ನಿನ್ನ ಲಗ್ನದಾಗ ನಿನ್ನ ಹಿಂದ ನಿಂದ್ರಾಂವ ನಾನ ನೋಡ” ಎಂದು ಹೇಳಿ ನಗಿಸುತ್ತಿದ್ದನಂತೆ. ನಮ್ಮ ಕಡೆ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಅದು ಅವನ ಹಕ್ಕು ಮತ್ತು ಮರ್ಯಾದೆ. ಇಡೀ ಮದುವೆಯ ಮಾಂಡವ ಅವನನ್ನು ನೋಡುವ ಹೊತ್ತು ಅದು.

ಆಮೇಲೆ ಸೋಮಲಿಂಗನಿಗೆ ಕಾಯಿಲೆ ಬಂತು. ಯಾರೂ ಇಲ್ಲದ ಕಡೆ ಯಾರದೋ ಮಾತು ಕೇಳಿಸತೊಡಗಿತು. ಕಾರಣವಿಲ್ಲದೆ ನಗುವುದು, ಊಟ ಬಿಡುವುದು, ಸ್ನಾನ ಬಿಡುವುದು. ಮನೆಯವರು ಗುಡಿ ಸುತ್ತಿಸಿದರು, ತಾಯತ ಕಟ್ಟಿಸಿದರು. ಒಮ್ಮೆ ದವಾಖಾನೆಗೂ ಕರೆದುಕೊಂಡು ಹೋಗಿದ್ದರು. ಗುಳಿಗೆಯಿಂದ ಹಗುರಾಯಿತು. ಹಗುರಾಯಿತಲ್ಲ ಎಂದು ಗುಳಿಗೆ ಬಿಡಿಸಿದರು, ಮತ್ತೆ ಮೊದಲಿನ ಹಾಗೆಯೇ ಆಯಿತು. ನಾನು ನೋಡುವ ಹೊತ್ತಿಗೆ ಅವನು ಇಡೀ ದಿನ ನಮ್ಮ ಬಾವಿಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುವವನಾಗಿದ್ದ. ಕರೆದರೆ ತಿರುಗುತ್ತಿರಲಿಲ್ಲ.

ಮನೆಗೆ ಬೀಗರು, ನೆಂಟರು ಬರುತ್ತಾರೆಂದರೆ ಸತ್ಯವ್ವ ಮಾಡುತ್ತಿದ್ದ ಮೊದಲ ಕೆಲಸ ನೆಲ ಒರೆಸುವುದಲ್ಲ, ತಮ್ಮನನ್ನು ಖಾನಾಪುರದ ಬಸ್ಸಿಗೆ ಹತ್ತಿಸುವುದು. ಖಾನಾಪುರದಲ್ಲಿ ಅವರ ತಾಯಿ ಫಕೀರವ್ವ ನಾಲ್ಕು ಕುರಿ ಇಟ್ಟುಕೊಂಡು ಇದ್ದಳು. ನೆಂಟರು ಹೋದ ಮೇಲೆ ಅವಳು ಮಗನನ್ನು ಮತ್ತೆ ಬಸ್ಸಿಗೆ ಹತ್ತಿಸುತ್ತಿದ್ದಳು. ಆ ದಾರಿಯ ಕಂಡಕ್ಟರುಗಳಿಗೆ ಅವನ ಮುಖದ ಗುರುತಿತ್ತು. ನಾವು ಯಾರೂ ಇದನ್ನು ತಪ್ಪೆಂದುಕೊಳ್ಳಲಿಲ್ಲ. ಒಳ್ಳೆಯ ಮನೆತನದವರು ಹೀಗೇ ಮಾಡುತ್ತಾರೆ ಎಂದೇ ತಿಳಿದಿದ್ದೆವು.

ಪ್ರಮಿಳಾ ಒಬ್ಬಳೇ ಹಾಗೆ ತಿಳಿದಿರಲಿಲ್ಲ. ಒಂದು ಸಂಜೆ ಬಾವಿಕಟ್ಟೆಯ ಮೇಲೆ ಮಾಮಾನ ಬಾಜು ಕೂತು, ನನಗೆ ಕೇಳುವ ಹಾಗೆ ಹೇಳಿದಳು:

“ನನ್ನ ಹಿಂದ ಮಾಮಾನ ನಿಂದ್ರಬೇಕ್ರಿ ಕಾಕಾ. ಬ್ಯಾರೆದಾರನ್ನ ತಂದು ನಿಂದ್ರಸ್ತೀವಿ ಅಂದ್ರ ನನಗ ಲಗ್ನಾನ ಬ್ಯಾಡ.”

ಸತ್ಯವ್ವ ಆಗಲೇ ಚೇತನ ಎಂಬ ದೂರದ ತಮ್ಮನನ್ನು ಆ ಜಾಗಕ್ಕೆ ಗೊತ್ತುಮಾಡಿ ಇಟ್ಟಿದ್ದಳು. ಮದುವೆಯೇ ಗೊತ್ತಿಲ್ಲ, ಸೋದರಮಾವ ಮಾತ್ರ ಸಿದ್ಧ!

ಕಾಲೇಜಿನಲ್ಲಿ ಮನಃಶಾಸ್ತ್ರವೆಂದರೆ ಪುಸ್ತಕ ಓದುವುದಷ್ಟೇ ಅಲ್ಲ, ಪ್ರಯೋಗಗಳೂ ಇರುತ್ತವೆ ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷದಲ್ಲಿ. ಒಂದು ಪ್ರಯೋಗದಲ್ಲಿ, ಹಾಳೆಯ ಮೇಲೆ ಜೋಡು ಗೆರೆಯ ಒಂದು ನಕ್ಷತ್ರವಿರುತ್ತದೆ. ಆ ಜೋಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕೈಗೆ ಮರೆ ಕಟ್ಟಿರುತ್ತಾರೆ. ಎದುರಿನ ಕನ್ನಡಿಯಲ್ಲಿ ಕಾಣುವುದನ್ನು ನೋಡಿಕೊಂಡೇ ಬಿಡಿಸಬೇಕು. ಕನ್ನಡಿಯಲ್ಲಿ ಎಲ್ಲವೂ ತಿರುವುಮುರುವು. ಮೇಲೆ ಹೋಗಬೇಕೆಂದರೆ ಕೈ ಕೆಳಗೆ ಎಳೆಯುತ್ತದೆ. ಮೊದಲ ಸಲ ಯಾರು ಮಾಡಿದರೂ ಹತ್ತಾರು ಕಡೆ ಗೆರೆ ದಾಟುತ್ತಾರೆ. ಮಾಡುತ್ತ ಮಾಡುತ್ತ ತಪ್ಪು ಕಡಿಮೆಯಾಗುತ್ತವೆ. ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದನ್ನೇ ಅವರು ಅಳೆಯುವುದು.

ಮನೆಯಲ್ಲಿ ರೂಢಿ ಮಾಡಿಕೊಳ್ಳಲು ಅವಳಿಗೊಂದು ಅಂಥದೇ ಸಾಮಾನು ಬೇಕಾಯಿತು. ಕರೆಪ್ಪ ಆಟೋ ನಗರದಿಂದ ಲಾರಿಯ ಸೈಡ್ ಮಿರರ್ ತಂದ. ಅದು ಉಬ್ಬುಕನ್ನಡಿ, ಅದರಲ್ಲಿ ನಕ್ಷತ್ರ ಪೂರಿಯಂತೆ ಊದಿ ಕಾಣಿಸಿತು. ಇಲ್ಲಿ ಮಾತ್ರ ನನ್ನ ಗಣಿತ ಕೆಲಸಕ್ಕೆ ಬಂತು. “ಸಪಾಟ ಕನ್ನಡಿ ಬೇಕೋ ಮಾರಾಯಾ” ಎಂದು ಹೇಳಿ, ಬಾಳವ್ವನ ಹಳೆಯ ಕಪಾಟಿನ ಒಡೆದ ಕನ್ನಡಿಯ ಒಂದು ತುಂಡು ಕೊಟ್ಟೆ. ಕರೆಪ್ಪ ಅದನ್ನು ತಗಡಿನ ಚೌಕಟ್ಟಿಗೆ ಕೂಡಿಸಿ, ಕೈ ಮರೆಯಾಗಲು ಅತ್ತೆ ಫಕೀರವ್ವನ ಕರಿ ಕಂಬಳಿಯ ತುಂಡೊಂದನ್ನು ಪರದೆಯಂತೆ ಇಳಿಬಿಟ್ಟ. ನಕ್ಷತ್ರವನ್ನು ತಗಡಿನ ಮೇಲೆ ಲಾರಿಯ ಕೆಂಪು ಬಣ್ಣದಿಂದ ಬರೆದುಕೊಟ್ಟ. ಪೆನ್ಸಿಲಿನ ಗೆರೆ ಒರೆಸಿ ಮತ್ತೆ ಬಿಡಿಸಬಹುದಾದ ಹಾಗೆ.

ಆರು ಮೂಲೆಯ ನಕ್ಷತ್ರ, ಕನ್ನಡಿ, ಕರಿ ಕಂಬಳಿ. ನಮ್ಮ ಓಣಿಯ ಜನಕ್ಕೆ ಇನ್ನೇನು ಬೇಕು? ಎರಡೇ ದಿನದಲ್ಲಿ ಸುದ್ದಿ ರವಿವಾರದ ಸಂತೆಯವರೆಗೆ ಮುಟ್ಟಿತು. ಕರೆಪ್ಪನ ಮಗಳು ಕಾಲೇಜಿನಲ್ಲಿ ಮಾಟ ಕಲಿಯುತ್ತಿದ್ದಾಳೆ! ಒಬ್ಬಾಕೆ ನಿಂಬೆಹಣ್ಣು ಹಿಡಿದು ಬಂದು, ಕಳೆದುಹೋದ ಬೆಳ್ಳಿ ಕಾಲ್ಗಡಗ ಯಾರ ಮನೆಯಲ್ಲಿದೆ ಎಂದು ಕನ್ನಡಿಯಲ್ಲಿ ನೋಡಿ ಹೇಳು ಎಂದಳು. ಇನ್ನೊಬ್ಬಾಕೆಗೆ ಗಂಡ ತನ್ನ ಮಾತು ಕೇಳುವ ಹಾಗೆ ಆಗಬೇಕಿತ್ತು. ಹೋಗಲಿ, ಅವರು ಹೊರಗಿನವರು. ಅಮಾವಾಸ್ಯೆಯ ದಿನ ಸತ್ಯವ್ವನೇ ಯಾರಿಗೂ ಹೇಳದೆ ಕನ್ನಡಿಗೆ ದೇವರ ಭಂಡಾರ ಬಳಿದು, ಅಗರಬತ್ತಿ ಬೆಳಗಿ, ಕೈಮುಗಿದುಬಿಟ್ಟಿದ್ದಳು. ಅರಿಸಿನ ಮೆತ್ತಿದ ಕನ್ನಡಿಯಲ್ಲಿ ನಕ್ಷತ್ರವೂ ಇಲ್ಲ, ಕೈಯೂ ಇಲ್ಲ.

“ಯವ್ವಾ, ಇದು ದೇವರಲ್ಲ ಬೇ, ನನ್ನ ಅಭ್ಯಾಸದ ಸಾಮಾನು!”

“ಏನರ ಇರ್ಲಿ. ನಿನ್ನ ಪಾಸ್ ಮಾಡಿದ್ರ ಸಾಕು” ಎಂದಳು ತಾಯಿ.

ಪ್ರಯೋಗಕ್ಕೆ ಕೂರಲು ಒಬ್ಬರು ಬೇಕು. ಮೊದಲು ನಾನು ಕೂತೆ. ಸುಳ್ಳು ಹೇಳುವುದಿಲ್ಲ, ಬಿಡಿಸಿದ್ದು ನಕ್ಷತ್ರವಲ್ಲ, ಕೋಳಿ ಕೆದರಿದ ಹಾಗೆ ಏನೋ ಒಂದು. ಪೆನ್ಸಿಲ್ ಒಗೆದು ಎದ್ದೆ. ಬಾಳವ್ವ ಕೂತು, ನನಗಿಂತ ಚೆನ್ನಾಗಿ ಮಾಡಿ, ವಾರವಿಡೀ ಅದನ್ನೇ ಹೇಳಿದಳು. ಆಮೇಲೆ ಪ್ರಮಿಳಾ ಚೌಕಟ್ಟನ್ನು ಬಾವಿಕಟ್ಟೆಗೆ ಒಯ್ದು, ಸೋಮಲಿಂಗನಿಗೂ ಗೋಡೆಗೂ ನಡುವೆ ಇಟ್ಟಳು.

ದಿನಗಟ್ಟಲೆ ಅವನು ಅದರ ಕಡೆ ನೋಡಲಿಲ್ಲ. ಅವಳು ಒತ್ತಾಯ ಮಾಡಲೂ ಇಲ್ಲ. ಬಾಜುವಿನಲ್ಲಿ ಕೂತು ತಾನೇ ಬಿಡಿಸುತ್ತ, ತಾನೇ ತಪ್ಪುತ್ತ, ತಾನೇ ನಗುತ್ತಿದ್ದಳು. ಒಂದು ದಿನ ಅವನ ಕೈ ಕಂಬಳಿಯ ಕೆಳಗೆ ಹೋಯಿತು. ಮೊದಲ ಗೆರೆ ಎಲ್ಲೆಲ್ಲೋ ಓಡಿತು. ಮರುದಿನ ಮತ್ತೆ ಬಿಡಿಸಿದ. ಅದರ ಮರುದಿನವೂ. ಅವಳು ತಪ್ಪುಗಳನ್ನು ಎಣಿಸಿ ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಡುತ್ತ ಹೋದಳು. ಆ ಚುಕ್ಕೆಗಳನ್ನು ಕೂಡಿಸಿದರೆ ಗೆರೆ ಕೆಳಗಿಳಿಯುತ್ತಿತ್ತು. ಗ್ರಾಫ್ ಎಂದರೆ ನನ್ನ ಕ್ಷೇತ್ರ. ನನ್ನ ಕ್ಲಾಸಿನ ಹುಡುಗರದಾದರೂ ಅಷ್ಟು ಚಂದ ಇಳಿಯುವುದಿಲ್ಲ ಎಂದು ನಾನೇ ಹೇಳಿದೆ.

“ನೋಡ್ರಿ ಕಾಕಾ,” ಎಂದಳು. ಅವಳ ಕಣ್ಣು ತುಂಬಿದ್ದವು. “ಎಲ್ಲಾರೂ ಇಂವಾ ಮುಗದ ಹೋದ ಅಂದ್ರು. ಇಂವಾ ಇನ್ನಾ ಕಲ್ಯಾಕತ್ತಾನ.”

ಆ ಉತ್ಸಾಹದಲ್ಲಿ ಅವಳು ಮಾಮಾನನ್ನು ತಾನೇ ಗುಣಮಾಡುವುದಾಗಿ ಹೊರಟಿದ್ದಳು. ಅವರ ಕಾಲೇಜಿನ ಮೇಡಂ ಒಳ್ಳೆಯವರು, ಸರಿಯಾಗಿ ಬೈದರು. ನೀನು ಬಿ.ಎ. ಓದುವ ಹುಡುಗಿ, ಡಾಕ್ಟರಲ್ಲ, ನಕ್ಷತ್ರ ಔಷಧವಲ್ಲ, ಮೊದಲು ದವಾಖಾನೆಗೆ ಕರೆದುಕೊಂಡು ಹೋಗು. ಪ್ರಮಿಳಾ ಬೈಸಿಕೊಂಡು ಬಂದು, ಮರುವಾರವೇ ಮಾಮಾನನ್ನು ಸರಕಾರಿ ದವಾಖಾನೆಯ ಮನೋವೈದ್ಯರ ಮುಂದೆ ಕೂಡಿಸಿದಳು. ಗುಳಿಗೆ ಮತ್ತೆ ಶುರುವಾದವು. ಈ ಸಲ ಹಗುರಾಯಿತೆಂದು ಬಿಡಿಸಲು ಅವಳು ಯಾರಿಗೂ ಅವಕಾಶ ಕೊಡಲಿಲ್ಲ. ಬೆಳಿಗ್ಗೆ ರೊಟ್ಟಿಯ ಜೊತೆ ಗುಳಿಗೆ ಕೊಟ್ಟು, ನುಂಗಿದ ಮೇಲೆಯೇ ಕಾಲೇಜಿಗೆ ಹೋಗುತ್ತಿದ್ದಳು. ತಿಂಗಳುಗಳು ಉರುಳಿದವು. ಒಂದು ದಿನ ನಾನು ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ ಸೋಮಲಿಂಗ ನನ್ನ ಕಡೆ ತಿರುಗಿ, “ಚಹಾ ಆತೇನ್ರಿ ಮಾಸ್ತರ?” ಎಂದ. ನನ್ನ ಕೈಯಿಂದ ತಂಬಿಗೆ ಬಿತ್ತು.

ಆದರೂ ಬಸ್ಸು ತಪ್ಪಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿ ಹೆಣ್ಣು ನೋಡಲು ಒಂದು ಕಡೆಯವರು ಬಂದರು. ಸತ್ಯವ್ವ ಮಗಳಿಗೆ ತಿಳಿಯದ ಹಾಗೆ ಬೆಳಿಗ್ಗೆಯೇ ತಮ್ಮನನ್ನು ಖಾನಾಪುರಕ್ಕೆ ಸಾಗಹಾಕಿದ್ದಳು. ಹುಡುಗನ ಕಾಕಾ ಚಹಾ ಹೀರುತ್ತ, ಹುಡುಗಿ ಏನು ಓದುತ್ತಾಳೆ ಎಂದು ಕೇಳಿದ. ಮನಃಶಾಸ್ತ್ರ ಎಂದೊಡನೆ ಚಹಾದ ಬಸಿ ಕೆಳಗಿಟ್ಟ.

“ಅಲ್ರೀ, ಯಾಕ ಅದನ್ನ ಓದಸಾಕತ್ತೀರಿ? ಮನಿಯಾಗ ಯಾರರ ಹಂಗ ಅದಾರೇನು?”

“ಇಲ್ರಿ ಇಲ್ರಿ, ಯಾರೂ ಇಲ್ಲ” ಎಂದು ಸತ್ಯವ್ವ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಜೋರಾಗಿ ಇಲ್ಲವೆಂದರೆ ಇದೆಯೆಂದೇ ಅರ್ಥ. ಅವರು ಎದ್ದು ಹೋದರು, ತಿರುಗಿ ಸುದ್ದಿ ಕಳಿಸಲಿಲ್ಲ.

ಪ್ರಮಿಳಾ ಅತ್ತದ್ದು ಅವರು ಒಪ್ಪಲಿಲ್ಲವೆಂದಲ್ಲ. ತಾಯಿಯ ಎದುರು ನಿಂತು ಹೇಳಿದಳು: “ಇನ್ನ ಮುಂದ ಮಾಮಾ ಬಸ್ ಹತ್ತಿದಾ ಅಂದ್ರ ಅವನ ಬಾಜೂಕ ನಾನೂ ಹತ್ತಿ ಕುಂಡ್ರತೇನಿ. ನೀವ ಚಹಾ ಕೊಡ್ರಿ ಬೀಗರಿಗೆ.” ಅವಳು ಆ ಮಾತು ಮಾಡಿ ತೋರಿಸುವಂಥವಳು ಎಂದು ಎಲ್ಲರಿಗೂ ಗೊತ್ತಿತ್ತು. ಆವತ್ತಿನಿಂದ ಬಸ್ಸು ನಿಂತಿತು.

ಬಿ.ಎ. ಮುಗಿಯಿತು. ಆಗ ನನ್ನ ಹಳೆಯ ಪ್ರಶ್ನೆ ಮತ್ತೆ ಎತ್ತಿದೆ, ಮುಂದೇನು? ಬರಿಯ ಬಿ.ಎ.ಗೆ ಯಾರೂ ಮನಃಶಾಸ್ತ್ರಜ್ಞೆ ಎಂದು ಕುರ್ಚಿ ಹಾಕುವುದಿಲ್ಲ. ಇದನ್ನು ಅವಳೇ ನನಗೆ ಬಿಡಿಸಿ ಹೇಳಿದಳು. ಆದರೆ ಅಲ್ಲಿಂದ ದಾರಿಗಳು ಒಡೆಯುತ್ತವೆ. ಹಿಂದವಾಡಿಯ ಅವಳ ಗೆಳತಿ ಸಮೃದ್ಧಿ ವಿಶೇಷ ಮಕ್ಕಳಿಗೆ ಕಲಿಸುವ ಬಿ.ಎಡ್. ಮಾಡಿ, ಈಗ ಮಾತು ತಡವಾದ ಮಕ್ಕಳ ಜೊತೆ ದಿನವಿಡೀ ನೆಲದ ಮೇಲೆ ಕೂತು ಆಡುತ್ತಾಳೆ. ಅವಳ ತಾಯಿಗೆ ಮಗಳು ಎಂಜಿನಿಯರ್ ಆಗಬೇಕಿತ್ತು, ಈಗ ಆ ಮಕ್ಕಳಿಗೆ ಬೇಸನ್ ಉಂಡೆ ಕಟ್ಟಿ ಕಳಿಸುತ್ತಾಳೆ. ಕ್ಲಾಸಿನ ಕೊನೆಯ ಬೆಂಚಿನ ಅನಿಕೇತ ಎಂಬ ಹುಡುಗ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ವಿಭಾಗ ಸೇರಿದ. ಯಾರು ಎರಡು ಪಾಳಿ ಸಾಲಾಗಿ ಮಾಡಿ ತೂಕಡಿಸುತ್ತಾನೆ, ಯಾರು ಮನೆಯಲ್ಲಿ ಜಗಳಾಡಿ ಬಂದು ಮಷಿನಿನ ಮುಂದೆ ನಿಲ್ಲುತ್ತಾನೆ ಎಂದು ನೋಡುವುದೂ ಒಂದು ನೌಕರಿ! ಪ್ರಮಿಳಾ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡಿದಳು. ಊಟದ ಡಬ್ಬಿ ಕಟ್ಟಿಕೊಂಡು ದಿನಾಲು ಹೋಗಿಬಂದು ಓದಿದಳು. ಮುಗಿಸಿ, ಆಪ್ತಸಮಾಲೋಚಕಿಯಾಗಿ ಖಾನಾಪುರದ ಸರಕಾರಿ ದವಾಖಾನೆಯಲ್ಲಿ ಗುತ್ತಿಗೆಯ ಮೇಲೆ ನೇಮಕವಾದಳು.

ಮೊದಮೊದಲು ಅವಳ ಕೋಣೆಗೆ ನೊಣವೂ ಬರಲಿಲ್ಲ. ಖಾನಾಪುರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆ ಬಾಗಿಲ ಮುಂದೆ ಕೂತವರನ್ನು ಪೇಟೆಗೆ ಹೋಗುವವರು ನೋಡುತ್ತಾರೆ. ಅವಳು ಬೆಂಚನ್ನು ಎತ್ತಿಸಿ ಬಿ.ಪಿ. ನೋಡುವ ಸಾಲಿನಲ್ಲಿ ಹಾಕಿಸಿದಳು. ಬಿ.ಪಿ.ಗೆಂದು ಬಂದವರು ಬಿ.ಪಿ. ತೋರಿಸಿ, ಹಾಗೆಯೇ ಒಳಗೆ ಬಂದು ಕೂತು, ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಅತ್ತರು. ಯಾರು, ಏನು ಎಂದು ನಾನು ಎಷ್ಟು ಕೆದಕಿದರೂ ಅವಳು ಬಾಯಿ ಬಿಟ್ಟಿಲ್ಲ. “ಅದು ನನ್ನ ಖೋಲ್ಯಾಗ ಇರೂದು ಕಾಕಾ” ಎಂದು ಕಡ್ಡಿ ಮುರಿದಂತೆ ಹೇಳುತ್ತಾಳೆ. ನನಗೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಇತ್ತ ಸೋಮಲಿಂಗ ಕರೆಪ್ಪನ ಜೊತೆ ಆಟೋ ನಗರಕ್ಕೆ ಹೋಗತೊಡಗಿದ್ದ. ಲಾರಿಯ ಹಿಂಬದಿಯ ಹಲಗೆಗೆ ಅಂಚಿನ ಗೆರೆ ಎಳೆಯುವುದು, ಹೂವು ನಕ್ಷತ್ರ ಬರೆಯುವುದು. ಗುಳಿಗೆಯಿಂದ ಅವನ ಕೈ ಕೊಂಚ ನಡುಗುತ್ತದೆ. ಆದರೆ ಕುಂಚ ಲೋಹಕ್ಕೆ ತಾಗಿದೊಡನೆ ನಿಲ್ಲುತ್ತದೆ. ಈಗ ಗೋವಾದ ರಸ್ತೆಯಲ್ಲಿ ಹೋಗುವ ಎಷ್ಟೋ ಲಾರಿಗಳ ಬೆನ್ನ ಮೇಲೆ ಅವನ ಆರು ಮೂಲೆಯ ಕೆಂಪು ನಕ್ಷತ್ರಗಳಿವೆ. ಮಾಲೀಕರಿಗೆ ಅದರ ಮೂಲ ಗೊತ್ತಿಲ್ಲ.

ಹೀಗಿರುವಾಗ ಬೀರೇಶ ಬಂದ. ಖಾನಾಪುರದವನೇ, ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ದವಾಖಾನೆಯ ಕರೆಂಟು ಹೋದಾಗ ಸರಿಮಾಡಲು ಬಂದು ಪ್ರಮಿಳಾಳನ್ನು ನೋಡಿದನಂತೆ; ಆಮೇಲೆ ಕರೆಂಟು ಇದ್ದಾಗಲೂ ಬಂದನಂತೆ. ಅವಳು ಮೊದಲೇ ಅವನಿಗೆ ಮಾಮಾನ ವಿಷಯ ಹೇಳಿದ್ದಳು. ಅವನದೇನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಅವನ ತಾಯಿ ಭರಮವ್ವನದು. ಗಂಡ ತೀರಿದ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದ ಗಟ್ಟಿ ಹೆಣ್ಣುಮಗಳು. ಅವಳ ಮಾತಿಗೆ ಖಾನಾಪುರದ ಅವರ ಓಣಿಯೇ ಹೆದರುತ್ತಿತ್ತು.

ಅವರು ಹೆಣ್ಣು ನೋಡಲು ಬಂದ ದಿನ, ಚಹಾದ ತಾಟು ಹಿಡಿದು ಬಂದವನು ಸೋಮಲಿಂಗ. ಕಪ್ಪುಗಳು ಕಿಣಿಕಿಣಿ ಎಂದವು. ಭರಮವ್ವನ ಕಣ್ಣು ಅವನ ಕೈಯ ಮೇಲೆ ನಿಂತಿತು. ಸತ್ಯವ್ವ ಏನೋ ಹೇಳಹೋದಳು, ಅಷ್ಟರಲ್ಲಿ ಮಗಳೇ ಹೇಳಿದಳು:

“ಇಂವ ನಮ್ಮ ಮಾಮಾ ರೀ ಅತ್ತಿ. ಮನಸಿನ ಜಡ್ಡ ಆಗಿತ್ತು. ದಿನಾ ಗುಳಿಗಿ ತಗೋತಾನ, ತಿಂಗಳಿಗೊಮ್ಮೆ ದವಾಖಾನಿಗೆ ಹೋಗತಾನ. ದುಡೀತಾನ. ಲಗ್ನದಾಗ ನನ್ನ ಹಿಂದ ಇವನ ನಿಂದ್ರಾಂವ.”

ಭರಮವ್ವ ಚಹಾ ಕುಡಿದಳು, ಸಿಹಿ ಮುಟ್ಟಲಿಲ್ಲ. “ತಿಳಸ್ತೀವಿ” ಎಂದು ಎದ್ದಳು. ಮೂರನೆಯ ದಿನ ಫೋನು ಬಂತು. ಹುಡುಗಿ ಒಪ್ಪಿಗೆ, ಮದುವೆ ಒಪ್ಪಿಗೆ. ಆದರೆ ಅಕ್ಕಿಕಾಳಿನ ಹೊತ್ತಿಗೆ ಹಿಂದೆ ನಿಲ್ಲಲು ಬೇರೆ ಮಾವನನ್ನು ನೋಡಿರಿ. ನಾಲ್ಕು ಜನರ ಮುಂದೆ ಏನಾದರೂ ಹೆಚ್ಚುಕಡಿಮೆ ಆದರೆ ಮುಖ ಎಲ್ಲಿ ಇಡುವುದು?

ಸತ್ಯವ್ವನಿಗೆ ಇದು ದೇವರು ಕೊಟ್ಟ ದಾರಿಯಾಗಿ ಕಂಡಿತು. ಚೇತನನಿಗೆ ಫೋನು ಹಚ್ಚಲು ಹೊರಟಳು. ಪ್ರಮಿಳಾ, “ಹಂಗಾದ್ರ ಲಗ್ನಾ ಬ್ಯಾಡ” ಎಂದಳು. ಕೂಗಾಡಲಿಲ್ಲ, ಅಷ್ಟನ್ನೇ ಹೇಳಿ ಡ್ಯೂಟಿಗೆ ಹೋದಳು. ಹಿತ್ತಿಲ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸೋಮಲಿಂಗ ಎಲ್ಲ ಕೇಳಿಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಮತ್ತೆ ಬಾವಿಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ.

ಮರುದಿನ ಬೆಳಿಗ್ಗೆ ಕಟ್ಟೆ ಖಾಲಿ. ಸೋಮಲಿಂಗ ಇಲ್ಲ. ಗೋಡೆಯ ಮಾಡದಲ್ಲಿದ್ದ ಕನ್ನಡಿಯ ಚೌಕಟ್ಟೂ ಇಲ್ಲ. ಕರೆಪ್ಪ ಆಟೋ ನಗರಕ್ಕೆ ಫೋನು ಮಾಡಿದ, ಅಲ್ಲಿಗೆ ಬಂದಿರಲಿಲ್ಲ. ಸತ್ಯವ್ವ ಬಾವಿಯೊಳಗೆ ಇಣುಕಿ ನೋಡಿ ಕಿರುಚಿದಳು. ಅಲ್ಲಿ ನಮ್ಮ ಹಳೆಯ ಕೊಡ ಬಿಟ್ಟು ಬೇರೇನೂ ಇರಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಕಂಡಕ್ಟರ್ ಒಬ್ಬ ಹೇಳಿದ: “ನಿಮ್ಮಾಂವ ಅಲ್ರೀ? ಮೊದಲನೇ ಖಾನಾಪುರ ಗಾಡಿಗೆ ಹೋದ. ಬಗಲಾಗ ಕಂಬಳಿ ಸುತ್ತಿದ್ದು ಏನೋ ಹಿಡದಿದ್ದ. ಇಷ್ಟು ದಿನಾ ನೀವು ತಿಕೀಟು ತಗಸಿ ಕೊಡ್ತಿದ್ರಿ, ಇವತ್ತ ತಾನ ತಗೊಂಡ.”

ನನ್ನ ಸ್ಕೂಟರಿನ ಹಿಂದೆ ಕರೆಪ್ಪನನ್ನು ಕೂಡಿಸಿಕೊಂಡು ಹೊರಟೆ. ಪೀರನವಾಡಿ, ಮಚ್ಛೆ ದಾಟಿದ್ದು ನೆನಪಿಲ್ಲ. ದಾರಿಯುದ್ದಕ್ಕೂ ಮುಂದೆ ಹೋಗುವ ಲಾರಿಗಳ ಹಿಂದಿನ ಕೆಂಪು ನಕ್ಷತ್ರ ಕಂಡಾಗಲೆಲ್ಲ ಕರೆಪ್ಪ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ಫಕೀರವ್ವನ ಮನೆಗೆ ಹೋದೆವು. ಅವಳು ಕುರಿಗೆ ಸೊಪ್ಪು ಹಾಕುತ್ತ, “ಇಲ್ಲಿಗೆ ಬಂದಿಲ್ಲ. ಭರಮವ್ವನ ಮನಿ ಎಲ್ಲೈತಿ ಅಂತ ಓಣ್ಯಾಗಿನ ಮಂದೀನ ಕೇಳಕೋತ ಹೋದನಂತ” ಎಂದಳು. ಮುಗಿಯಿತು, ಏನೋ ರಂಪ ಆಗಿದೆ ಎಂದೇ ತಿಳಿದು ಭರಮವ್ವನ ಅಂಗಳಕ್ಕೆ ನುಗ್ಗಿದೆವು.

ಅಂಗಳದಲ್ಲಿ ಸೋಮಲಿಂಗ ಗೋಡೆಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದ. ಅವನ ಎದುರು ಭರಮವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಳಿಯ ಪರದೆಯ ಕೆಳಗೆ ಕೈ ತೂರಿಸಿ, ಕನ್ನಡಿಗೆ ಮುಖ ಕೊಟ್ಟು ಬೈಯುತ್ತಿದ್ದಳು.

“ಇದರ ಮನಿ ಹಾಳಾಗ್ಲಿ! ಇತ್ತಾಗ ಎಳದ್ರ ಅತ್ತಾಗ ಹೊಕ್ಕೈತಿ!”

“ಅವಸರ ಮಾಡಬ್ಯಾಡ್ರಿ ಅಕ್ಕಾರ,” ಸೋಮಲಿಂಗ ಮೆಲ್ಲಗೆ ಹೇಳುತ್ತಿದ್ದ. “ನನಗೂ ಮೊದಲ ಹಿಂಗ ಆಗಿತ್ತು. ಎಲ್ಲಾರಿಗೂ ಆಗತೈತಿ. ಮೂಲಿ ಬಂದಾಗ ಒಂದ ಸ್ವಲ್ಪ ನಿಂದರ್ರಿ. ಉಸರ ಬಿಡ್ರಿ. ಆಮ್ಯಾಲ ಹೊಳ್ಳಸ್ರಿ.”

ಆಮೇಲೆ ಭರಮವ್ವನೇ ಎಷ್ಟೋ ಸಲ, ಎಷ್ಟೋ ಮಂದಿಯ ಮುಂದೆ ನಡೆದದ್ದನ್ನು ಹೇಳಿದ್ದಾಳೆ. ಅವನು ಬೆಳಿಗ್ಗೆ ಬಂದು ಹೊಸ್ತಿಲ ಹೊರಗೇ ನಿಂತನಂತೆ. ಒಳಗೆ ಬಾ ಎನ್ನುವವರೆಗೂ ಬರಲಿಲ್ಲವಂತೆ. ಬಂದು ಚೌಕಟ್ಟು ಬಿಚ್ಚಿ, “ಅಕ್ಕಾರ, ನನ್ನ ಕೈ ನಡಗತೈತಿ, ಖರೇ ಐತಿ. ನೀವ ನೋಡ್ರಿ. ನಾನು ಒಂದ ಕಡೆ ಗೆರಿ ದಾಟಿದ್ರೂ ನಾ ನಿಂದ್ರೂದಿಲ್ಲ, ಚೇತನ ನಿಂದ್ರಲಿ. ದಾಟಲಿಲ್ಲಂದ್ರ ನಮ್ಮ ಪಮ್ಮಿ ಹಿಂದ ನನಗ ನಿಂದ್ರಾಕ ಬಿಡ್ರಿ” ಎಂದನಂತೆ. ನಡುಗುವ ಕೈಯಿಂದಲೇ ಪೆನ್ಸಿಲ್ ಹಿಡಿದನಂತೆ. ನಕ್ಷತ್ರದ ಆರು ಮೂಲೆಯನ್ನೂ ಸುತ್ತಿ, ಹೊರಟ ಜಾಗಕ್ಕೇ ಬಂದು ನಿಲ್ಲಿಸಿದನಂತೆ. ಇದರಲ್ಲೇನಿದೆ ಎಂದು ಭರಮವ್ವ ತಾನೂ ಕೂತಿದ್ದಳು. ನಾವು ಹೋಗುವ ಹೊತ್ತಿಗೆ ಅವಳದು ಎಷ್ಟನೆಯ ನಕ್ಷತ್ರವೋ ಏನೋ, ನನ್ನದಕ್ಕಿಂತ ಕಡೆಯಾಗಿತ್ತು.

ಅವಳು ನಮ್ಮನ್ನು ನೋಡಿ ಪೆನ್ಸಿಲ್ ಕೆಳಗಿಟ್ಟಳು. ಆಮೇಲೆ ಎದ್ದು ಒಳಗೆ ಹೋಗಿ, ದೇವರ ಮುಂದಿನ ಭಂಡಾರದ ಬಟ್ಟಲು ತಂದು, ಸೋಮಲಿಂಗನ ಹಣೆತುಂಬ ಹಚ್ಚಿದಳು.

“ಇಷ್ಟು ವರ್ಷ ಇವನ್ನ ಮಂದಿ ಕಣ್ಣಿಗೆ ಬೀಳದಂಗ ಇಟ್ಟಿದ್ರಂತಲ್ಲಾ,” ಎಂದು ಕರೆಪ್ಪನಿಗೆ ಹೇಳಿದಳು. “ನಾನೂ ಅದನ್ನ ಮಾಡ್ರಿ ಅಂದೆ. ಸಾಕಿನ್ನ. ಹಿಂದ ಇವನ ನಿಂದ್ರಬೇಕು. ಯಾರರ ಏನರ ಅಂದ್ರ ನನ್ನ ಕಡೆ ಕಳಸ್ರಿ, ಕನ್ನಡಿ ಮುಂದ ಕುಂಡ್ರಸ್ತೇನಿ ಅವರನ್ನ.”

ಕರೆಪ್ಪ ಅಂಗಳದಲ್ಲೇ ಕೂತು ಗೊಳೋ ಎಂದು ಅತ್ತ. ನಾನೂ ಅತ್ತೆ, ಇದರಲ್ಲಿ ಮುಚ್ಚಿಡುವುದೇನಿದೆ? ದವಾಖಾನೆಗೆ ಹೋಗಿ ಪ್ರಮಿಳಾಳಿಗೆ ಸುದ್ದಿ ಹೇಳಿದರೆ, ಅವಳು ಮೊದಲು ಕೇಳಿದ್ದು ಒಂದೇ ಮಾತು: “ಇವತ್ತಿನ ಗುಳಿಗಿ ತಗೊಂಡಾನಿಲ್ಲ?” ತಗೊಂಡಿದ್ದ. ಭರಮವ್ವನ ರೊಟ್ಟಿಯ ಜೊತೆ.

ಮದುವೆ ಖಾನಾಪುರದಲ್ಲೇ ಆಯಿತು. ಕಾಲೇಜಿನ ಮೇಡಂ ಬಂದಿದ್ದರು, ಸಮೃದ್ಧಿ, ಅನಿಕೇತ ಬಂದಿದ್ದರು. ಖಾಸಬಾಗದ ನಮ್ಮ ಓಣಿಯೇ ಟೆಂಪೋ ಮಾಡಿಕೊಂಡು ಬಂದಿತ್ತು, ಬೆಳ್ಳಿ ಕಾಲ್ಗಡಗ ಕಳೆದುಕೊಂಡಾಕೆಯೂ ಇದ್ದಳು. ಮುಂದಿನ ಸಾಲಿನಲ್ಲಿ ಫಕೀರವ್ವ ಹೊಸ ಇಳಕಲ್ ಸೀರೆ ಉಟ್ಟು, ಮಗನಿಂದ ಕಣ್ಣು ಕೀಳದೆ ಕೂತಿದ್ದಳು. ಡಿಜೆಯ ಅಬ್ಬರ ಎದೆ ನಡುಗಿಸುವಂತಿತ್ತು. ಅಷ್ಟು ಸದ್ದಿನಲ್ಲಿ ಸೋಮಲಿಂಗನಿಗೆ ಕಷ್ಟವೆಂದು ಎಲ್ಲರಿಗಿಂತ ಮೊದಲು ನೆನಪಾದದ್ದು ಮದುಮಗನಿಗೆ. ಬಾಸಿಂಗ ಕಟ್ಟಿಕೊಂಡೇ ಬೀರೇಶ ಮಾಂಡವದ ಹಿಂದೆ ಹೋಗಿ, ಡಿಜೆಯ ವೈರು ಕಿತ್ತು ಬಂದ. ಹುಡುಗರು ಬೊಬ್ಬೆ ಹಾಕಿದರು. “ನಾ ಲೈನ್‌ಮನ್ ಅದೀನ್ರಪಾ, ಕರೆಂಟ್ ಹೋತು” ಎಂದು ಹೇಳಿ ಹಸೆಯ ಮೇಲೆ ನಿಂತ.

ಮದುವೆ ಮಾಡಿಸುವ ಬಸಯ್ಯನವರು ಗಂಟಲು ಸರಿಮಾಡಿಕೊಂಡು ಕೂಗಿದರು: “ಹುಡಿಗಿ ಸೋದರಮಾವ ಯಾರ್ರಿ? ಮುಂದ ಬರ್ರಿ!”

ಬಿಳಿ ಧೋತರ, ಕೆಂಪು ರುಮಾಲು ಸುತ್ತಿದ ಸೋಮಲಿಂಗ ಎದ್ದ. ಎಲ್ಲ ಕಣ್ಣುಗಳೂ ಅವನ ಮೇಲೆ ಬಿದ್ದವು. ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಭರಮವ್ವ ತಿರುಗಿ ನೋಡಿದ್ದೇ ತಡ, ಪಿಸುಮಾತು ಅಡಗಿತು. ಅವನು ನಡೆದು ಬಂದು ಪ್ರಮಿಳಾಳ ಹಿಂದೆ ನಿಂತು, ಅವಳ ಎರಡೂ ಹೆಗಲ ಮೇಲೆ ಕೈ ಇಟ್ಟ, ಒಂದು ಕೈ ಮುಷ್ಟಿಯಾಗಿಯೇ ಇತ್ತು. ಕೈ ನಡುಗುತ್ತಿತ್ತು. ಮೂಲೆಗೆ ಬಂದಾಗ ಮಾಡುವಂತೆ ಒಂದು ಕ್ಷಣ ನಿಂತು ಉಸಿರು ಬಿಟ್ಟ. ಕೈ ನಿಂತಿತು. ಬಸಯ್ಯನವರ ಮಂತ್ರ ಮುಗಿಯುವವರೆಗೂ, ಅಕ್ಕಿಕಾಳು ನಾಲ್ಕೂ ಕಡೆಯಿಂದ ಮಳೆಯಂತೆ ಬೀಳುವಾಗಲೂ, ಅವನು ಅಲುಗಲಿಲ್ಲ. ಸತ್ಯವ್ವ ಬಾಯಿಗೆ ಸೆರಗು ಒತ್ತಿಕೊಂಡು, “ನನ್ನ ತಮ್ಮ ರೀ, ನನ್ನ ತಮ್ಮ” ಎಂದು ಪಕ್ಕದಲ್ಲಿದ್ದ ಗುರುತಿಲ್ಲದವರಿಗೆಲ್ಲ ಹೇಳುತ್ತಿದ್ದಳು.

ಎಲ್ಲ ಮುಗಿದ ಮೇಲೆ, ಜನ ಊಟಕ್ಕೆ ಏಳುವ ಗದ್ದಲದಲ್ಲಿ, ಅವನು ಬಗ್ಗಿ ಪ್ರಮಿಳಾಳನ್ನು ಕೇಳಿದ. ನಾನು ಬಾಜುವಿನಲ್ಲೇ ಇದ್ದೆ, ನನಗೂ ಕೇಳಿಸಿತು.

“ಪಮ್ಮೀ, ಎಲ್ಲೂ ಗೆರಿ ದಾಟಲಿಲ್ಲಲಾ?”

“ಒಂದೂ ಕಡೆ ದಾಟಲಿಲ್ಲ ಮಾಮಾ.”

ಆಗ ಅವನು ಮುಷ್ಟಿ ಬಿಚ್ಚಿ ನೋಡಿಕೊಂಡ. ಹೆಗಲು ಹಿಡಿಯುವ ಗಡಿಬಿಡಿಯಲ್ಲಿ ಹಾಕಲು ಮರೆತ ಅವನ ಪಾಲಿನ ಅಕ್ಕಿಕಾಳು ಇನ್ನೂ ಅಂಗೈಯಲ್ಲೇ ಇದ್ದವು. ಎಲ್ಲರೂ ನೋಡುತ್ತಿರುವ ಹಾಗೆಯೇ ನಗುತ್ತ ಅವಳ ತಲೆಯ ಮೇಲೆ ಸುರಿದ. ಅರ್ಧ ನನ್ನ ಬೋಳುತಲೆಯ ಮೇಲೂ ಬಿದ್ದವು.